ಪುದೀನ ಒಣಗಿಸಿದರೆ ಒಣಹುಲ್ಲಿನ ವಾಸನೆ ಯಾಕೆ ಬರುತ್ತದೆ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಮನೆ, ಮೇಲೆ ತಾರಸಿ ಇದೆ. ಕುಂಡಗಳಲ್ಲಿ ಪುದೀನ, ತುಳಸಿ, ಮಜ್ಜಿಗೆ ಹುಲ್ಲು, ದೊಡ್ಡಪತ್ರೆ, ಸ್ವಲ್ಪ ಮರುಗ ಬೆಳೆದಿದ್ದೇನೆ. ಕೆಳಗೆ ಒಂದು ಕರಿಬೇವಿನ ಗಿಡವಿದೆ. ಕಳೆದ ವರ್ಷ ಪುದೀನವನ್ನು ಬಿಸಿಲಿಗೆ ಹಾಕಿದೆ, ಕಪ್ಪಾಗಿ ಒಣಹುಲ್ಲಿನ ವಾಸನೆ ಬಂತು. ತುಳಸಿ ಚೆನ್ನಾಗಿ ಒಣಗಿತ್ತು, ಬಾಟಲಿಗೆ ತುಂಬಿಟ್ಟೆ, ಜುಲೈನಲ್ಲಿ ತೆಗೆದರೆ ಬೂಷ್ಟು. ಕರಿಬೇವು ಹಸಿರಾಗಿಯೇ ಒಣಗಿತು, ಆದರೆ ಒಗ್ಗರಣೆಗೆ ಹಾಕಿದರೆ ಘಮವೇ ಇಲ್ಲ. ಓವನ್‌ನಲ್ಲಿ ಒಣಗಿಸಬಹುದಾ? ಎಷ್ಟು ದಿನ ಇಡಬಹುದು? ಬೂಷ್ಟು ಬಂದ ತುಳಸಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಕಷಾಯಕ್ಕೆ ಬಳಸಬಹುದಾ?

ಉತ್ತರ: ನೀವು ಶ್ರದ್ಧೆಯಿಂದಲೇ ಮಾಡಿದ್ದೀರಿ, ಆದರೆ ಹಪ್ಪಳ ಒಣಗಿಸುವ ಹಾಗೆ ಮಾಡಿದ್ದೀರಿ. ನಮ್ಮಲ್ಲಿ ಒಣಗಿಸುವುದು ಅಂದರೆ ಬಿಸಿಲು, ಅಲ್ವಾ? ಹಪ್ಪಳಕ್ಕೆ ಬಿಸಿಲು, ಸಂಡಿಗೆಗೆ ಬಿಸಿಲು, ಮೆಣಸಿನಕಾಯಿಗೆ ಬಿಸಿಲು. ಘಮದ ಸೊಪ್ಪಿಗೆ ಮಾತ್ರ ಅದು ಆಗಿಬರುವುದಿಲ್ಲ. ಅದಕ್ಕೆ ಬೇಕಾದದ್ದು ನೆರಳು ಮತ್ತು ಗಾಳಿ. ಅದರಲ್ಲೂ ಗಾಳಿ.

ಯಾಕೆ ಅಂತ ಕಣ್ಣಾರೆ ನೋಡಬಹುದು. ಒಂದು ಪುದೀನ ಎಲೆ ಕಿತ್ತು, ಅದರ ಹಿಂಭಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಎಲೆಯ ಮೇಲೆ ಅಲ್ಲಲ್ಲಿ ಸಣ್ಣ ಸಣ್ಣ ಚುಕ್ಕಿಗಳು ಹೊಳೆಯುತ್ತವೆ, ಇಬ್ಬನಿ ಕೂತ ಹಾಗೆ. ಅವು ಎಣ್ಣೆಯ ಗುಳ್ಳೆಗಳು. ಪುದೀನದ ಘಮವೆಲ್ಲಾ ಇರುವುದು ಅದರಲ್ಲೇ. ಎಲೆಯ ಒಳಗಲ್ಲ, ಹೊರಗೆ, ತೆಳು ಪೊರೆಯ ಅಡಿಯಲ್ಲಿ. ಅದಕ್ಕೇ ಪುದೀನದ ಗಿಡಕ್ಕೆ ಸೆರಗು ತಾಗಿದರೂ ಸಾಕು, ವಾಸನೆ ಏಳುತ್ತದೆ. ತುಳಸಿ, ಮರುಗ, ದೊಡ್ಡಪತ್ರೆ, ಕಾಮಕಸ್ತೂರಿ ಎಲ್ಲವೂ ಅದೇ ಮನೆತನದ ಗಿಡಗಳು, ಎಲ್ಲದಕ್ಕೂ ಎಣ್ಣೆ ಹೊರಗೇ.

ಈಗ ಒಂದು ಕರಿಬೇವಿನ ಎಲೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಸರಿಯಾಗಿ ನೋಡಿದರೆ ಎಲೆಯೊಳಗೆ ಸೂಜಿಯಿಂದ ಚುಚ್ಚಿದ ಹಾಗೆ ಬೆಳಕು ತೂರುವ ಚುಕ್ಕಿಗಳು ಕಾಣುತ್ತವೆ. ಕರಿಬೇವು ನಿಂಬೆ, ಕಿತ್ತಳೆಯ ಕುಟುಂಬದ್ದು. ಇವುಗಳ ಎಣ್ಣೆ ಎಲೆಯ ಒಳಗಿನ ಚೀಲಗಳಲ್ಲಿ ಇರುತ್ತದೆ. ಮಜ್ಜಿಗೆ ಹುಲ್ಲಿನದೂ ಒಳಗೇ. ಹಾಗಾಗಿ ಇವೆರಡು ಸ್ವಲ್ಪ ಒರಟು ಕೈ ತಾಳಿಕೊಳ್ಳುತ್ತವೆ. ಪುದೀನ, ತುಳಸಿ ತಾಳುವುದಿಲ್ಲ.

ಈ ಎಣ್ಣೆಗಳು ಅಡುಗೆ ಎಣ್ಣೆಯ ಹಾಗಲ್ಲ, ಗಾಳಿಯಲ್ಲಿ ಹಾರಿಹೋಗುತ್ತವೆ. ಬಿಸಿ ಜಾಸ್ತಿಯಾದಷ್ಟೂ ಬೇಗ ಹಾರುತ್ತವೆ. 35ರಿಂದ 40 ಡಿಗ್ರಿ ಸೆಲ್ಸಿಯಸ್ ತನಕ ನೀರು ಹೋಗುತ್ತದೆ, ಎಣ್ಣೆ ಬಹುಪಾಲು ಉಳಿಯುತ್ತದೆ. 45 ದಾಟಿದರೆ ನೀರಿನ ಜೊತೆ ಎಣ್ಣೆಯೂ ಹೊರಡುತ್ತದೆ. ಏಪ್ರಿಲ್ ಮಧ್ಯಾಹ್ನ ತಾರಸಿಯ ಸಿಮೆಂಟಿನ ಮೇಲೆ ಬರಿಗಾಲಿಡಲು ಆಗುತ್ತದಾ? ಅಂಥ ಜಾಗದಲ್ಲಿ ನಿಮ್ಮ ಪುದೀನ ಕೂತಿತ್ತು. ಜೊತೆಗೆ ನೇರ ಬೆಳಕು ಎಲೆಯ ಹಸಿರನ್ನು ಕೆಡಿಸುತ್ತದೆ. ಘಮ ಹೋಯಿತು, ಹಸಿರು ಹೋಯಿತು, ಉಳಿದದ್ದು ನಾರು. ಘಮ ಹೋದ ಮೇಲೆ ಉಳಿದದ್ದರ ವಾಸನೆಯೇ ನಿಮಗೆ ಬಂದ ಒಣಹುಲ್ಲಿನ ವಾಸನೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ತುಂಬಾ ಜನ ತಪ್ಪು ತಿಳಿಯುವುದು ಇದನ್ನೇ. ಸೊಪ್ಪು ಒಣಗುವಾಗ ಮನೆ ತುಂಬಾ ಘಮ ಬಂದರೆ ಚೆನ್ನಾಗಿ ಒಣಗುತ್ತಿದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಮನೆಯಲ್ಲಿ ತುಂಬಿದ ಘಮ ಎಲೆಯಿಂದ ಹೊರಟದ್ದು, ಮತ್ತೆ ಎಲೆಗೆ ಬರುವುದಿಲ್ಲ. ಮೊದಲ ದಿನ ಸ್ವಲ್ಪ ಬರುತ್ತದೆ, ಸರಿ. ಎರಡನೇ ದಿನವೂ ಬಾಗಿಲು ತೆಗೆದ ಕೂಡಲೇ ಮೂಗಿಗೆ ಹೊಡೆಯುತ್ತಿದ್ದರೆ ಆ ಜಾಗ ಬಿಸಿ ಜಾಸ್ತಿ ಅಂತ ತಿಳಿದು ಬೇರೆ ಕಡೆ ಹಾಕಿ.

ಕೀಳುವುದರಿಂದಲೇ ಶುರು ಮಾಡೋಣ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕೀಳಬೇಕು. ನಿಮ್ಮ ತಾರಸಿಯಲ್ಲಿ ಎಂಟೂವರೆ ಒಂಬತ್ತು ಗಂಟೆ ಸರಿಯಾದ ಹೊತ್ತು. ಪುದೀನ, ತುಳಸಿ ಮೊಗ್ಗು ಕಾಣಿಸಿಕೊಂಡ ಹೊತ್ತಿಗೆ ಘಮ ತುಂಬಿರುತ್ತದೆ, ಹೂವು ಪೂರ್ತಿ ಬಿಟ್ಟು ಬೀಜ ಕಟ್ಟಿದ ಮೇಲೆ ಎಲೆ ಒರಟಾಗುತ್ತದೆ. ತೊಳೆಯುವ ವಿಷಯದಲ್ಲಿ ನಾನು ಮಾಡುವುದು ಹೀಗೆ: ಹಿಂದಿನ ಸಂಜೆಯೇ ಗಿಡಕ್ಕೆ ಮೇಲಿನಿಂದ ಚೆನ್ನಾಗಿ ನೀರು ಚಿಮುಕಿಸಿ, ಎಲೆಗಳ ಧೂಳು ಗಿಡದಲ್ಲೇ ಇಳಿದುಹೋಗುವ ಹಾಗೆ ಮಾಡುತ್ತೇನೆ. ಬೆಳಿಗ್ಗೆ ಗಿಡ ತಾನೇ ಆರಿರುತ್ತದೆ. ಕಿತ್ತ ಸೊಪ್ಪನ್ನು ಬಕೆಟ್ಟಿನಲ್ಲಿ ಅದ್ದಿ ತೊಳೆದರೆ ಆ ನೀರನ್ನು ಒಣಗಿಸುವುದೇ ಒಂದು ಕೆಲಸ, ಅಷ್ಟರಲ್ಲಿ ಎಲೆ ಕಪ್ಪಾಗಲು ಶುರುವಾಗಿರುತ್ತದೆ. ಮಾರುಕಟ್ಟೆಯಿಂದ ತಂದದ್ದಾದರೆ ತೊಳೆಯಲೇಬೇಕು, ಬೇರೆ ದಾರಿಯಿಲ್ಲ. ಆಗ ತೊಳೆದು, ಹಳೆಯ ಹತ್ತಿ ಟವೆಲ್ಲಿನಲ್ಲಿ ಸುತ್ತಿ, ಟವೆಲ್ಲಿನ ಎರಡೂ ತುದಿ ಹಿಡಿದು ಹೊರಗೆ ನಿಂತು ಜೋರಾಗಿ ಬೀಸಿ. ನೀರೆಲ್ಲಾ ಬಟ್ಟೆಗೆ ಹೋಗುತ್ತದೆ. ಹಿಂಡಬೇಡಿ, ಉಜ್ಜಬೇಡಿ. ಆ ಗುಳ್ಳೆಗಳು ನೆನಪಿರಲಿ.

ಒಣಗಿಸಲು ಏನೂ ಕೊಳ್ಳಬೇಕಾಗಿಲ್ಲ. ಬಟ್ಟೆ ಒಣಹಾಕುವ ಮಡಿಸುವ ಸ್ಟ್ಯಾಂಡ್ ಇರುತ್ತದಲ್ಲ, ಅದರ ಮೇಲೆ ಹಳೆಯ ಸೊಳ್ಳೆಪರದೆಯ ಒಂದು ತುಂಡನ್ನು ಬಿಗಿಯಾಗಿ ಕಟ್ಟಿ, ಬಟ್ಟೆಯ ಕ್ಲಿಪ್ಪುಗಳೇ ಸಾಕು. ಅದರ ಮೇಲೆ ಎಲೆಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಒಂದೇ ಪದರ ಹರವಿ. ಕೆಳಗಿನಿಂದಲೂ ಗಾಳಿ ಆಡಬೇಕು, ಅದೇ ಇದರ ಗುಟ್ಟು. ತಟ್ಟೆಯಲ್ಲಿ, ಮೊರದಲ್ಲಿ ಹಾಕಿದರೆ ಮೇಲಿನ ಭಾಗ ಗರಿಗರಿ, ಕೆಳಗಿನದು ಮೆತ್ತಗೆ. ನ್ಯೂಸ್‌ಪೇಪರ್ ಮೇಲೆ ಹರವುವವರು ಜಾಸ್ತಿ, ದಯವಿಟ್ಟು ಬೇಡ. ಶಾಯಿ ತೇವದ ಎಲೆಗೆ ಅಂಟುತ್ತದೆ, ಅದನ್ನೇ ನಾವು ತಿನ್ನುತ್ತೇವೆ. ಸ್ಟ್ಯಾಂಡನ್ನು ನೇರ ಬಿಸಿಲು ಬೀಳದ ಕೋಣೆಯಲ್ಲಿ, ಕಿಟಕಿ ತೆಗೆದು ಇಡಿ. ಫ್ಯಾನ್ ಸಣ್ಣಗೆ ಓಡಲಿ. ಎರಡನೇ ದಿನಕ್ಕೆ ಎಲೆ ಹಗುರಾಗಿ ಹಾರತೊಡಗುತ್ತದೆ, ಆಗ ಮೇಲೊಂದು ಪರದೆಯ ತುಂಡು ಹೊದಿಸಿ.

ಪದರದ ವಿಷಯ ಇಷ್ಟು ಒತ್ತಿ ಹೇಳಲು ಕಾರಣ ಇದೆ. ತುಂಬಾ ವರ್ಷಗಳ ಹಿಂದೆ ಒಂದು ದಿನ ಸಂಜೆ ಎರಡು ಬುಟ್ಟಿ ತುಳಸಿ ಕೊಯ್ದು, ಕತ್ತಲಾಯಿತು, ಬೆಳಿಗ್ಗೆ ಹರವೋಣ ಅಂತ ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಬುಟ್ಟಿಯೊಳಗೆ ಕೈ ಹಾಕಿದರೆ ಬೆಚ್ಚಗಿತ್ತು, ಇಡ್ಲಿ ಹಿಟ್ಟಿನ ಪಾತ್ರೆಯ ಹಾಗೆ. ನಡುವಿನ ಎಲೆಗಳೆಲ್ಲಾ ಕಂದು ತಿರುಗಿದ್ದವು. ಕಿತ್ತ ಮೇಲೂ ಎಲೆ ಉಸಿರಾಡುತ್ತಲೇ ಇರುತ್ತದೆ, ಗುಡ್ಡೆ ಹಾಕಿದರೆ ಆ ಬಿಸಿ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೇ ಬೇಯುತ್ತದೆ. ಕಿತ್ತು ಒಂದು ಗಂಟೆಯೊಳಗೆ ಹರವುವುದು ಅಂದಿನಿಂದ ನನ್ನ ಕಟ್ಟುನಿಟ್ಟು.

ಕಟ್ಟು ಕಟ್ಟಿ ತಲೆಕೆಳಗಾಗಿ ನೇತುಹಾಕುವುದೂ ಉಂಟು. ಮರುಗಕ್ಕೆ, ಮಜ್ಜಿಗೆ ಹುಲ್ಲಿಗೆ ಅದು ಚೆನ್ನ. ಕಟ್ಟು ಬೆರಳ ಗಾತ್ರ ಮೀರಬಾರದು. ಒಣಗುತ್ತಾ ದಂಟು ಸಣ್ಣಗಾಗಿ ದಾರ ಸಡಿಲವಾಗುತ್ತದೆ, ಹಾಗಾಗಿ ದಾರದ ಬದಲು ರಬ್ಬರ್ ಬ್ಯಾಂಡ್ ಹಾಕಿ. ಮಲೆನಾಡಿನ ಹಳೆ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಎಲ್ಲವನ್ನೂ ಒಣಗಿಸುತ್ತಿದ್ದರು, ಮಳೆಗಾಲದಲ್ಲಿ ಅದೊಂದೇ ಒಣ ಜಾಗ. ಬೀಜಕ್ಕೆ, ಮೆಣಸಿಗೆ ಅದು ಒಳ್ಳೆಯದೇ. ಸೊಪ್ಪಿಗೆ ಮಾತ್ರ ಹೊಗೆ ಹಿಡಿಯುತ್ತದೆ, ಪುದೀನದ ಚಹಾದಲ್ಲಿ ಹೊಗೆಯ ರುಚಿ ಯಾರಿಗೂ ಹಿಡಿಸುವುದಿಲ್ಲ.

ಇನ್ನು ಯಾವಾಗ ಒಣಗಿತು ಅಂತ ತಿಳಿಯುವುದು ಹೇಗೆ? ನಿಮ್ಮ ತುಳಸಿ ಕೆಟ್ಟದ್ದು ಇಲ್ಲೇ. ಮುಟ್ಟಿದರೆ ಗರಿಗರಿ ಅನಿಸಿತ್ತು, ತುಂಬಿಬಿಟ್ಟಿರಿ. ಎಲೆ ಗರಿಗರಿಯಾದರೂ ದಂಟಿನೊಳಗೆ ಪಸೆ ಇರುತ್ತದೆ. ಬಾಟಲಿ ಮುಚ್ಚಿದ ಮೇಲೆ ಆ ಪಸೆ ಎಲ್ಲಾ ಎಲೆಗಳಿಗೂ ಹಂಚಿಹೋಗಿ ಇಡೀ ಬಾಟಲಿ ಮೆತ್ತಗಾಗುತ್ತದೆ. ಪರೀಕ್ಷೆ ಮಾಡಬೇಕಾದದ್ದು ಎಲೆಯನ್ನಲ್ಲ, ದಂಟನ್ನು. ಬಗ್ಗಿಸಿದರೆ ಟಕ್ ಅಂತ ಮುರಿಯಬೇಕು. ಬಳುಕಿದರೆ ಇನ್ನೂ ಒಂದು ದಿನ.

ಇನ್ನೂ ನಂಬಿಕೆಯ ದಾರಿ ತಕ್ಕಡಿ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಹಸಿ ಪುದೀನದಲ್ಲಿ ತೂಕದ ಸುಮಾರು 85 ಭಾಗ ನೀರು. ಕರಿಬೇವಿನಲ್ಲಿ ಸುಮಾರು 64 ಭಾಗ ಅಷ್ಟೇ. ಕೆಡದೆ ಉಳಿಯಬೇಕಾದರೆ ಒಣಗಿದ ಸೊಪ್ಪಿನಲ್ಲಿ ಪಸೆ ಶೇಕಡಾ 10ರ ಆಸುಪಾಸಿಗೆ ಇಳಿಯಬೇಕು. ಲೆಕ್ಕ ಹಾಕಿದರೆ, ದಂಟು ಬಿಡಿಸಿದ 100 ಗ್ರಾಂ ಪುದೀನ ಎಲೆ ಒಣಗಿ 16-17 ಗ್ರಾಂ ಆಗಬೇಕು, 100 ಗ್ರಾಂ ಕರಿಬೇವು 40 ಗ್ರಾಂ ಆಗಬೇಕು. ಹರವುವ ಮೊದಲು ತೂಗಿ ಒಂದು ಚೀಟಿಯಲ್ಲಿ ಬರೆದಿಡಿ. ಮೂರನೇ ದಿನ ಪುದೀನ ಇನ್ನೂ 22 ಗ್ರಾಂ ತೂಗಿದರೆ, ಮುಟ್ಟಲು ಎಷ್ಟೇ ಗರಿಗರಿ ಇದ್ದರೂ ಅದು ಒಣಗಿಲ್ಲ.

ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್ ಇದಕ್ಕೆ ಹೇಳಿಮಾಡಿಸಿದ ತಿಂಗಳುಗಳು, ಗಾಳಿಯಲ್ಲಿ ತೇವ ತುಂಬಾ ಕಡಿಮೆ. ಆಗ ಪುದೀನಕ್ಕೆ ಎರಡು ಮೂರು ದಿನ, ತುಳಸಿಗೆ ಮೂರು ನಾಲ್ಕು, ಕರಿಬೇವಿಗೆ ನಾಲ್ಕೈದು ದಿನ ಸಾಕು. ರಾಯಚೂರು, ಕಲಬುರಗಿ ಕಡೆಯವರಿಗೆ ಬೇಸಿಗೆಯಲ್ಲಿ ಒಂದೇ ದಿನದಲ್ಲಿ ಒಣಗುತ್ತದೆ, ಅವರ ತೊಂದರೆ ಬಿಸಿ ಜಾಸ್ತಿಯಾಗುವುದು. ಅವರು ರಾತ್ರಿ ಹರವಿ ಬೆಳಿಗ್ಗೆ ಹತ್ತರೊಳಗೆ ಒಳಗೆ ತಂದರೆ ಒಳ್ಳೆಯದು. ಕರಾವಳಿಯವರಿಗೆ ಡಿಸೆಂಬರ್, ಜನವರಿ ಬಿಟ್ಟರೆ ಬರೀ ಗಾಳಿಯಲ್ಲಿ ಒಣಗಿಸುವುದು ಕಷ್ಟ.

ಮತ್ತೊಂದು ವಿಷಯ. ಒಣಗಿದ ಎಲೆ ಸುಮ್ನೆ ಕೂರುವುದಿಲ್ಲ, ಗಾಳಿಯಲ್ಲಿ ತೇವ ಇದ್ದರೆ ಅದನ್ನು ವಾಪಸ್ ಹೀರುತ್ತದೆ. ಹಪ್ಪಳ ಮೆತ್ತಗಾಗುವುದಿಲ್ಲವೇ, ಹಾಗೆಯೇ. ರಾತ್ರಿಯೆಲ್ಲಾ ತೇವ ಹೀರಿ ಬೆಳಿಗ್ಗೆ ಎಲೆ ಅಷ್ಟು ಗರಿಗರಿ ಇರುವುದಿಲ್ಲ. ಹಾಗಾಗಿ ಡಬ್ಬಿಗೆ ತುಂಬುವ ಕೆಲಸವನ್ನು ಯಾವಾಗಲೂ ಮಧ್ಯಾಹ್ನ ಎರಡು ಮೂರು ಗಂಟೆಗೆ ಮಾಡಿ, ದಿನದಲ್ಲಿ ಗಾಳಿ ಅತಿ ಒಣಗಿರುವ ಹೊತ್ತು ಅದು. ಬೆಳಿಗ್ಗೆ ಏಳಕ್ಕೆ ತುಂಬಿದ್ದಕ್ಕೂ ಮಧ್ಯಾಹ್ನ ಮೂರಕ್ಕೆ ತುಂಬಿದ್ದಕ್ಕೂ ಮಳೆಗಾಲದಲ್ಲಿ ಗೊತ್ತಾಗುತ್ತದೆ ವ್ಯತ್ಯಾಸ.

ತುಂಬಿದ ಮೇಲೆ ಒಂದು ವಾರ ಗಮನ ಇಡಬೇಕು. ಮೊದಲು ಪಾರದರ್ಶಕ ಗಾಜಿನ ಬಾಟಲಿಗೆ ಹಾಕಿ, ಮುಚ್ಚಿ, ದಿನಕ್ಕೊಮ್ಮೆ ಅಲ್ಲಾಡಿಸಿ ನೋಡಿ. ಮುಚ್ಚಳದ ಒಳಗೆ ಸಣ್ಣ ಹನಿಗಳೋ, ಗಾಜಿನ ಮೇಲೆ ಮಂಜಿನ ತೆಳು ಪರದೆಯೋ ಕಂಡರೆ ತಕ್ಷಣ ಹೊರಗೆ ಸುರಿದು ಮತ್ತೆ ಹರವಿ. ಎಲೆಗಳು ಒಂದಕ್ಕೊಂದು ಅಂಟಿಕೊಂಡರೂ ಅದೇ. ಒಂದು ವಾರ ಏನೂ ಕಾಣಲಿಲ್ಲ ಅಂದರೆ ಆ ಬಾಟಲಿ ಮಳೆಗಾಲ ದಾಟುತ್ತದೆ. ಕಳೆದ ವರ್ಷ ನಿಮ್ಮ ತುಳಸಿಯ ಬಾಟಲಿಯನ್ನು ಈ ಒಂದು ವಾರ ನೋಡಿದ್ದರೆ ಜುಲೈ ತನಕ ಕಾಯಬೇಕಾಗಿರಲಿಲ್ಲ.

ಓವನ್ ಬಗ್ಗೆ ಕೇಳಿದ್ದೀರಿ. ಮನೆಗಳಲ್ಲಿರುವ ಓವನ್‌ಗಳಲ್ಲಿ ಕನಿಷ್ಠ ಬಿಸಿಯೇ ಸೊಪ್ಪಿಗೆ ಜಾಸ್ತಿ. ಅದರಲ್ಲಿ ಒಣಗುವುದಿಲ್ಲ, ಹುರಿಯುತ್ತದೆ. ಆದರೆ ಮಳೆಗಾಲದಲ್ಲಿ ಮುಕ್ಕಾಲು ಒಣಗಿ ಅಲ್ಲೇ ನಿಂತುಬಿಟ್ಟ ಸೊಪ್ಪಿಗೆ ಅದು ಸಹಾಯ ಮಾಡುತ್ತದೆ. ಓವನ್ ಐದು ನಿಮಿಷ ಬಿಸಿ ಮಾಡಿ, ಆರಿಸಿ, ಕೈ ಒಳಗೆ ಹಾಕಿದರೆ ಹಿತವಾಗಿ ಬೆಚ್ಚಗೆ ಅನಿಸುವ ತನಕ ಬಾಗಿಲು ತೆಗೆದಿಡಿ, ಆಮೇಲೆ ಸೊಪ್ಪಿನ ತಟ್ಟೆ ಒಳಗಿಟ್ಟು ಬಾಗಿಲು ಸ್ವಲ್ಪ ತೆರೆದೇ ಬಿಡಿ. ಮೈಕ್ರೋವೇವ್ ಬೇರೆ ರೀತಿ ಕೆಲಸ ಮಾಡುತ್ತದೆ, ಅದು ಮುಖ್ಯವಾಗಿ ಎಲೆಯೊಳಗಿನ ನೀರನ್ನೇ ಬಿಸಿ ಮಾಡುತ್ತದೆ. ಒಂದು ಹಿಡಿ ಪುದೀನವನ್ನು ಎರಡು ಟಿಶ್ಯೂ ಪೇಪರ್ ನಡುವೆ ಹರವಿ ಮೊದಲು ಒಂದು ನಿಮಿಷ, ಆಮೇಲೆ 20 ಸೆಕೆಂಡಿಗೊಮ್ಮೆ ತೆಗೆದು ನೋಡುತ್ತಾ ಹೋದರೆ ಎರಡು ಮೂರು ನಿಮಿಷದಲ್ಲಿ ಹಸಿರಾಗಿಯೇ ಒಣಗುತ್ತದೆ. ಬಣ್ಣ ನೋಡಲು ಚೆಂದ, ಘಮ ನೆರಳಲ್ಲಿ ಒಣಗಿದ್ದಕ್ಕಿಂತ ಒಂದು ಕೈ ಕಡಿಮೆ. ಪಕ್ಕದಲ್ಲೇ ನಿಂತಿರಬೇಕು, ನೀರು ಮುಗಿದ ಮೇಲೂ ಓಡಿಸಿದರೆ ಎಲೆಯೂ ಕಾಗದವೂ ಹೊತ್ತಿಕೊಳ್ಳಬಹುದು.

ಮಳೆಗಾಲದಲ್ಲಿ ಒಣಗಿಸಲೇಬೇಕು ಅನ್ನುವವರಿಗೆ ನಾನು ಹೇಳುವುದು ಫ್ರಿಜ್. ಐಸ್ ಕಟ್ಟದ ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ಒಳಗಿನ ಗಾಳಿ ಸದಾ ಒಣಗಿರುತ್ತದೆ. ಮುಚ್ಚದೆ ಇಟ್ಟ ಚಪಾತಿ ಒಂದೇ ದಿನದಲ್ಲಿ ಬಿರುಸಾಗುವುದು ಅದಕ್ಕೇ. ಕಾಗದದ ಚೀಲದಲ್ಲಿ ಎಲೆಗಳನ್ನು ಸಡಿಲವಾಗಿ ಹಾಕಿ, ಬಾಯಿ ತೆರೆದು ಮೇಲಿನ ಹಲಗೆಯಲ್ಲಿಡಿ, ಎರಡು ದಿನಕ್ಕೊಮ್ಮೆ ಅಲ್ಲಾಡಿಸಿ. ಹತ್ತು ಹದಿನೈದು ದಿನ ಹಿಡಿಯುತ್ತದೆ. ತಣ್ಣಗಿನ ಜಾಗವಾದ್ದರಿಂದ ಎಣ್ಣೆ ಹಾರುವುದು ಕಡಿಮೆ, ಬಣ್ಣವೂ ಉಳಿಯುತ್ತದೆ. ಹಾಲು, ಬೆಣ್ಣೆ ಮಾತ್ರ ಮುಚ್ಚಿಡಿ, ಇಲ್ಲದಿದ್ದರೆ ಬೆಳಗಿನ ಕಾಫಿಗೆ ಪುದೀನದ ವಾಸನೆ. ಮುಟ್ಟಿದರೆ ಕಪ್ಪಾಗುವ ಕಾಮಕಸ್ತೂರಿಗೆ ಇದಕ್ಕಿಂತ ಒಳ್ಳೆಯ ವಿಧಾನ ನಾನು ಕಂಡಿಲ್ಲ.

ಈಗ ನಿಮ್ಮ ಗಿಡಗಳು ಒಂದೊಂದಾಗಿ.

ಕರಿಬೇವು. ನೀವು ಒಣಗಿಸಿದ್ದು ಸರಿಯಾಗಿಯೇ ಇತ್ತು, ಬಳಸಿದ್ದು ತಪ್ಪಾಯಿತು. ಹಸಿ ಕರಿಬೇವು ಕಾದ ಎಣ್ಣೆಗೆ ಬಿದ್ದಾಗ ಚಟಪಟ ಅನ್ನುವುದು ಅದರೊಳಗಿನ ನೀರು. ಆ ನೀರು ಆರುವಷ್ಟು ಹೊತ್ತು ಎಲೆ ಸುಡುವುದಿಲ್ಲ, ನಿಧಾನಕ್ಕೆ ತನ್ನ ಘಮವನ್ನು ಎಣ್ಣೆಗೆ ಬಿಡುತ್ತದೆ. ಒಣಗಿದ ಎಲೆಗೆ ಆ ಕಾವಲಿಲ್ಲ. ಬಿದ್ದ ಎರಡೇ ಸೆಕೆಂಡಿಗೆ ಕರಕಲು. ಹಾಗಾಗಿ ಒಣ ಕರಿಬೇವನ್ನು ಒಗ್ಗರಣೆಗೆ ಹಾಕಬೇಡಿ. ಚಟ್ನಿಪುಡಿಗೆ, ಸಾರಿನಪುಡಿಗೆ, ಕರಿಬೇವಿನ ಪುಡಿಗೆ ಹಾಕಿ, ಅಲ್ಲಿ ಅದು ಅದ್ಭುತ. ಒಗ್ಗರಣೆಗೆ ಬೇಕೆಂದರೆ ಒಣಗಿಸುವುದೇ ಬೇಡ, ತೊಳೆದು, ಪೂರ್ತಿ ನೀರಾರಿಸಿ, ಕಡ್ಡಿಯಿಂದ ಬಿಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿ. ತಿಂಗಳುಗಟ್ಟಲೆ ಇರುತ್ತದೆ. ಕರಗಲು ಬಿಡಬಾರದು, ಫ್ರೀಜರಿನಿಂದ ನೇರ ಎಣ್ಣೆಗೆ. ವಿದೇಶದಲ್ಲಿರುವ ನಮ್ಮವರು ಊರಿಂದ ಬಂದವರ ಸೂಟ್‌ಕೇಸಿನಲ್ಲಿ ಒಣಗಿದ ಕರಿಬೇವು ಸಿಕ್ಕಾಗ ಹೀಗೇ ಬೇಸರ ಪಡುತ್ತಾರೆ. ಅವರಿಗೂ ಇದೇ ಉತ್ತರ: ಅದನ್ನು ಚಟ್ನಿಪುಡಿ ಮಾಡಿ.

ದೊಡ್ಡಪತ್ರೆಯನ್ನು ಒಣಗಿಸಲು ಹೋಗಬೇಡಿ. ಎಲೆ ದಪ್ಪ, ತುಂಬಾ ನೀರು, ಮೈಮೇಲೆ ರೋಮ. ಒಣಗುವಷ್ಟರಲ್ಲಿ ಅರ್ಧ ಕೊಳೆತಿರುತ್ತದೆ, ಉಳಿದದ್ದು ಕಾಗದದ ಹಾಗೆ. ವರ್ಷಪೂರ್ತಿ ಕುಂಡದಲ್ಲಿ ಹಸಿರಾಗಿರುವ ಗಿಡ ಅದು, ಒಂದು ಟೊಂಗೆ ನೆಟ್ಟರೆ ಇನ್ನೊಂದು ಗಿಡ. ತಂಬುಳಿಗೆ ಬೇಕಾದಾಗ ಕಿತ್ತುಕೊಳ್ಳಿ. ಕೊತ್ತಂಬರಿ ಸೊಪ್ಪಿಗೂ ಇದೇ ಮಾತು, ಅದರ ಘಮ ಒಣಗುವಾಗಲೇ ಪೂರ್ತಿ ಹಾರಿಹೋಗುತ್ತದೆ.

ಮಜ್ಜಿಗೆ ಹುಲ್ಲನ್ನು ಬುಡದ ದಪ್ಪ ಭಾಗ ಬಿಟ್ಟು ಎಲೆಗಳನ್ನು ಕತ್ತರಿಯಿಂದ ಬೆರಳುದ್ದ ಕತ್ತರಿಸಿ ಹರವಿ. ಅದರ ನಿಂಬೆಯ ಘಮಕ್ಕೆ ಕಾರಣ ಸಿಟ್ರಾಲ್, ಅದರ ಎಣ್ಣೆಯಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಜಾಸ್ತಿ ಪಾಲು ಅದೇ. ಎಲೆಯೊಳಗೆ ಭದ್ರವಾಗಿರುವುದರಿಂದ ಚೆನ್ನಾಗಿ ಉಳಿಯುತ್ತದೆ. ಆದರೆ ಪುಡಿ ಮಾಡಿಟ್ಟರೆ ಎರಡೇ ತಿಂಗಳಲ್ಲಿ ಹೋಗುತ್ತದೆ. ಮರುಗ ಒಣಗಿಸಲು ಇರುವ ಸೊಪ್ಪುಗಳಲ್ಲೇ ಸುಲಭದ್ದು. ದಂಡೆಗೆ, ಮಾಲೆಗೆ ಮಾತ್ರ ಬಳಸುತ್ತೇವೆ, ಆದರೆ ಒಣ ಮರುಗವನ್ನು ಒಂದು ಚಿಟಿಕೆ ಟೊಮೆಟೊ ಸಾರಿಗೆ ಇಳಿಸುವಾಗ ಹಾಕಿ ನೋಡಿ.

ಒಣಗಿದ ಮೇಲೆ ಘಮ ಹೆಚ್ಚುವ ಗಿಡಗಳೂ ಇವೆ. ಮೆಂತ್ಯ ಸೊಪ್ಪು ಒಂದು. ಹಸಿಯಿದ್ದಾಗ ಕಹಿ ಮುಂದೆ, ಒಣಗಿದ ಮೇಲೆ ಘಮ ಮುಂದೆ. ಅಂಗಡಿಯ ಕಸೂರಿ ಮೇಥಿ ನಮ್ಮ ಮೆಂತ್ಯದ ಗಿಡವೇ ಅಲ್ಲ, ಅದರ ಹತ್ತಿರದ ನೆಂಟ. ಹೆಸರು ಈಗ ಪಾಕಿಸ್ತಾನದಲ್ಲಿರುವ ಕಸೂರಿನಿಂದ ಬಂದದ್ದು, ನಮ್ಮ ದೇಶದಲ್ಲಿ ರಾಜಸ್ಥಾನದ ನಾಗೌರ್ ಅದಕ್ಕೆ ಹೆಸರುವಾಸಿ. ನಮ್ಮ ಕುಂಡದ ಮೆಂತ್ಯವೂ ನೆರಳಲ್ಲಿ ಒಣಗಿಸಿದರೆ ತಕ್ಕಮಟ್ಟಿಗೆ ಆ ಕೆಲಸ ಮಾಡುತ್ತದೆ. ಇನ್ನೊಂದು ನಮ್ಮ ದವನ. ಚಳಿಗಾಲದಲ್ಲಿ ಬೆಳೆದು ಹೂ ತುಂಬಿದಾಗ ಕೊಯ್ಯುವ ಬೆಳೆ ಅದು. ಎಣ್ಣೆ ತೆಗೆಯುವವರೂ ದವನವನ್ನು ಹಸಿಯಾಗಿ ಬಟ್ಟಿಗೆ ಹಾಕುವುದಿಲ್ಲ, ನೆರಳಲ್ಲಿ ಬಾಡಿಸಿಯೇ ಹಾಕುತ್ತಾರೆ. ಬಾಡಿದಷ್ಟೂ ಅದರ ವಾಸನೆ ಸಿಹಿಯಾಗಿ, ಹಣ್ಣಿನ ಹಾಗೆ ತಿರುಗುತ್ತದೆ. ಚೈತ್ರದ ದವನದ ಹುಣ್ಣಿಮೆಗೆ ಸವದತ್ತಿಗೆ ಹೋಗಿಬಂದವರ ಮನೆಯಲ್ಲಿ ಆ ಕಡ್ಡಿಗಳು ಸೀರೆಯ ಮಡಿಕೆಯೊಳಗೆ ಕೂತು ಮುಂದಿನ ಹಬ್ಬದ ತನಕ ಘಮ ಕೊಡುವುದನ್ನು ನಾನು ಕಂಡಿದ್ದೇನೆ. ಮುಂದಿನ ಸಲ ಒಂದು ಕುಂಡದಲ್ಲಿ ದವನ ಹಾಕಿ ನೋಡಿ, ನಿಮಗೆ ಖುಷಿಯಾಗುತ್ತದೆ.

ಇಡುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ನಾಲ್ಕು ಮಾತು ಸಾಕು. ಎಲೆಯನ್ನು ಇಡಿಯಾಗಿ ಇಡಿ, ಪುಡಿ ಬೇಡ. ಪುಡಿ ಮಾಡಿದರೆ ಎಲ್ಲಾ ಗುಳ್ಳೆಗಳೂ ಒಡೆಯುತ್ತವೆ. ಬಳಸುವಾಗ ಅಂಗೈಯಲ್ಲಿ ಹಾಕಿ ಉಜ್ಜಿ ನೇರ ಪಾತ್ರೆಗೆ ಉದುರಿಸಿ. ಗಾಜಿನ ಬಾಟಲಿಯೋ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೋ ಆಗಲಿ, ತೆಳು ಪ್ಲಾಸ್ಟಿಕ್ ಕವರ್ ಬೇಡ, ಅದರ ಮೂಲಕ ಘಮವೂ ಹೋಗುತ್ತದೆ, ತೇವವೂ ಬರುತ್ತದೆ. ಒಂದು ದೊಡ್ಡ ಬಾಟಲಿಯ ಬದಲು ನಾಲ್ಕು ಸಣ್ಣವು, ಕುತ್ತಿಗೆ ತನಕ ತುಂಬಿರಲಿ. ಒಂದು ಖಾಲಿಯಾದ ಮೇಲೆ ಇನ್ನೊಂದನ್ನು ತೆಗೆಯಿರಿ. ಒಲೆಯ ಮೇಲಿನ ಕಪಾಟು ಕೈಗೆ ಹತ್ತಿರ ಅಂತ ಅಲ್ಲೇ ಇಡುತ್ತೇವೆ, ಮನೆಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಬಿಸಿ ಮತ್ತು ಆವಿ ಎರಡೂ ಅಲ್ಲೇ. ಕತ್ತಲೆಯ, ತಣ್ಣಗಿನ ಗೋಡೆಗೂಡು ಒಳ್ಳೆಯದು. ಕುದಿಯುವ ಪಾತ್ರೆಯ ಮೇಲೆ ಬಾಟಲಿಯನ್ನು ಬಗ್ಗಿಸಿ ಉದುರಿಸುವ ಅಭ್ಯಾಸ ಇದ್ದರೆ ಬಿಡಿ, ಪ್ರತಿ ಸಲವೂ ಒಂದಷ್ಟು ಆವಿ ಒಳಗೆ ಹೋಗುತ್ತದೆ.

ಹೀಗಿಟ್ಟರೆ ಇಡೀ ಎಲೆ ಎಂಟು ತಿಂಗಳಿಂದ ಒಂದು ವರ್ಷ ಬರುತ್ತದೆ. ಆಮೇಲೆ ಕೆಡುವುದಿಲ್ಲ, ಘಮ ಇರುವುದಿಲ್ಲ ಅಷ್ಟೇ. ಅಂಗೈಯಲ್ಲಿ ಉಜ್ಜಿ ಮೂಸಿದರೆ ಗೊತ್ತಾಗುತ್ತದೆ. ಅಡುಗೆಯಲ್ಲಿ ಮೂರು ಚಮಚ ಹಸಿ ಸೊಪ್ಪಿನ ಜಾಗಕ್ಕೆ ಒಂದು ಚಮಚ ಒಣಗಿದ್ದು.

ಹುಳದ ವಿಷಯ ನೀವು ಕೇಳಿಲ್ಲ, ಆದರೆ ಬಂದೇ ಬರುತ್ತದೆ. ಎರಡು ಮೂರು ಮಿಲಿಮೀಟರ್ ಉದ್ದದ ಕಂದು ದುಂಬಿಗಳು, ಧನಿಯಾ, ಅರಿಶಿನದ ಡಬ್ಬಿಯಲ್ಲಿ ಕಾಣುವವೇ. ಒಣಗಿದ ಸೊಪ್ಪೂ ಅವಕ್ಕೆ ಪ್ರೀತಿ. ತುಂಬುವ ಮೊದಲು ಸೊಪ್ಪನ್ನು ಬಿಗಿಯಾದ ಡಬ್ಬಿಯಲ್ಲಿ ಫ್ರೀಜರಿನಲ್ಲಿ ಒಂದು ವಾರ ಇಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಮುಚ್ಚಳವನ್ನು ತಕ್ಷಣ ತೆಗೆಯಬೇಡಿ. ಡಬ್ಬಿ ಕೋಣೆಯಷ್ಟೇ ಬೆಚ್ಚಗಾಗಲಿ, ಎರಡು ಮೂರು ಗಂಟೆ ಬಿಡಿ. ತಣ್ಣಗಿರುವಾಗಲೇ ತೆಗೆದರೆ ಗಾಳಿಯ ತೇವವೆಲ್ಲಾ ಎಲೆಯ ಮೇಲೆ ಹನಿಯಾಗಿ ಕೂರುತ್ತದೆ, ಒಣಗಿಸಿದ್ದು ದಂಡ. ಹಸಿ ಎಲೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ವಿಧಾನವನ್ನು ಕೆಲವರು ಹೇಳುತ್ತಾರೆ, ಅದನ್ನು ಮಾಡಬೇಡಿ. ಗಾಳಿಯಿಲ್ಲದ ಎಣ್ಣೆಯಡಿ, ಹಸಿ ಎಲೆಯ ನೀರಿನಲ್ಲಿ ವಿಷ ಉಂಟುಮಾಡುವ ಬ್ಯಾಕ್ಟೀರಿಯಾ ಬೆಳೆಯಬಹುದು, ಮತ್ತು ಅದು ವಾಸನೆಯಿಂದ ಗೊತ್ತಾಗುವುದಿಲ್ಲ. ಪೂರ್ತಿ ಒಣಗಿದ ಎಲೆಗೆ ಆ ಭಯ ತುಂಬಾ ಕಡಿಮೆ.

ಬೂಷ್ಟು ಬಂದ ತುಳಸಿಯ ಪ್ರಶ್ನೆಗೆ ಉತ್ತರ ಚಿಕ್ಕದು: ಎಸೆಯಿರಿ. ತುಳಸಿ ಎಸೆಯಲು ಮನಸ್ಸು ಬಾರದಿದ್ದರೆ ಗಿಡದ ಬುಡಕ್ಕೇ ಹಾಕಿ, ಮಣ್ಣಾಗುತ್ತದೆ. ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೂ, ಕಷಾಯಕ್ಕೆ ಕುದಿಸಿದರೂ ಬೂಷ್ಟು ಸಾಯಬಹುದು, ಅದು ಬಿಟ್ಟ ವಿಷ ಸಾಯುವುದಿಲ್ಲ. ಮೇಲಿನದನ್ನು ತೆಗೆದು ಕೆಳಗಿನದನ್ನು ಬಳಸುವುದೂ ಬೇಡ, ಕಣ್ಣಿಗೆ ಕಾಣದೆ ಅದು ಇಡೀ ಬಾಟಲಿಗೆ ಹರಡಿರುತ್ತದೆ. ಆಮೇಲೆ ಆ ಬಾಟಲಿಯನ್ನು ಸೋಪು ಹಾಕಿ ತೊಳೆದು, ಬಿಸಿನೀರಿನಲ್ಲಿ ಮುಚ್ಚಳ ಸಮೇತ ಅದ್ದಿ ತೆಗೆದು, ಬಾಯಿ ಮೇಲೆ ಮಾಡಿ ಎರಡು ದಿನ ತಾರಸಿಯ ಬಿಸಿಲಿಗಿಡಿ. ಬಾಟಲಿಗೆ ಮಾತ್ರ ಬಿಸಿಲು ಎಷ್ಟು ಬೇಕಾದರೂ ಬೀಳಲಿ.